ನಕಾಶೆಯ ಪ್ರಾಮಾಣ್ಯ

ಮುಧೋಳ, ಜಮಖಂಡಿ, ಬನಹಟ್ಟಿಗಳ ನಡುವಣ ಡಾಂಬರು ರಸ್ತೆಯನ್ನು ತೊರೆದು, ಆಳೆತ್ತರದ ಕಬ್ಬು ಎರಡೂ ಕಡೆಯಿಂದ ಕಣ್ಣು ಕಟ್ಟುವ ಚಕ್ಕಡಿಯ ಹಾದಿಯಲ್ಲಿ ಸೈಕಲ್ಲು ತುಳಿಯುವವನಿಗೆ, ಪ್ರತ್ಯಕ್ಷವು ಕುಂಠಿತವಾದೆಡೆ ಶಬ್ದಪ್ರಮಾಣವನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬ ಪ್ರಶ್ನೆಯು ಬರಿಯ ತರ್ಕಶಾಲೆಯ ವಿಷಯವಾಗಿ ಉಳಿಯದು. ನಕಾಶೆಯೆಂಬುದು ಆಪ್ತವಾಕ್ಯವೇ ಸರಿ. 1767ರಲ್ಲಿ ಸ್ಥಾಪಿತವಾದ ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಾಳೆಯಲ್ಲಿ ಒಂದು ಕಿಲೋಮೀಟರು ನೆಲವು 2 ಸೆಂಟಿಮೀಟರಿನಲ್ಲಿ ಅಡಗಿ, ಹಳ್ಳ, ಬಾವಿ, ಗುಡಿ, ಕಾಲುದಾರಿಗಳೆಲ್ಲ ಅಲ್ಲಿ ಗೋಚರಿಸುತ್ತವೆ. ಅದು ಬಡವನಿಗೆ ದುರ್ಲಭವೂ ಅಲ್ಲ: ಬೇಕಾದ ತುಂಡನ್ನಷ್ಟೇ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಹ್ಯಾಂಡಲಿಗೆ ಬಿಗಿದರಾಯಿತು, ಹಳೆಯ ಮೊಬೈಲಿನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಇಳಿಸಿಕೊಂಡರಂತೂ ನೆಟ್‌ವರ್ಕ್ ಇಲ್ಲದೆಡೆಯಲ್ಲಿಯೂ ನಡೆಯುತ್ತದೆ. ಇದಕ್ಕಾಗಿ ದುಬಾರಿ ಜಿಪಿಎಸ್ ಯಂತ್ರವನ್ನು ಕೊಳ್ಳುವುದು, ನನ್ನ ಮಟ್ಟಿಗೆ, ಅಪರಿಗ್ರಹಕ್ಕೆ ವಿರುದ್ಧವಾದ ಆಡಂಬರ.

ಆದರೆ ಆಪ್ತನಾದರೂ ತನ್ನ ಕಾಲದ ಮಾತನ್ನೇ ಆಡಬಲ್ಲನು. ಆಲಮಟ್ಟಿಯ ಹಿನ್ನೀರು ಬೀಳಗಿ ಸೀಮೆಯ ಊರುಗಳನ್ನು ಮುಳುಗಿಸುವುದಕ್ಕೆ ಮುನ್ನ ಅಳೆದ ಹಾಳೆಯಲ್ಲಿ ಅಖಂಡವಾಗಿ ಸಾಗುವ ದಾರಿ, ನೆಲದ ಮೇಲೆ ನೀರಿಗಿಳಿಯುತ್ತದೆ. ಹಾಳೆ ಸುಳ್ಳಾಡಿತೆ? ಬಾಧಕಜ್ಞಾನವು ಹುಟ್ಟುವವರೆಗೆ ಜ್ಞಾನವು ತಾನಾಗಿಯೇ ಪ್ರಮಾಣವೆನ್ನುವ ಮೀಮಾಂಸಕರ ನಿಲುವೇ ಇಲ್ಲಿ ನನಗೆ ಒಪ್ಪಿಗೆ: ಹಾಳೆಯನ್ನು ನಂಬಿ ಹೊರಡಬೇಕು, ನೀರು ಕಂಡಲ್ಲಿ ಬ್ರೇಕು ಹಿಡಿಯಬೇಕು. “ಆ ಹಾದಿ ಹೋಗೂದಿಲ್ಲ ತಮ್ಮಾ, ಕೆನಾಲ್ ದಂಡಿ ಹಿಡಕೊಂಡು ಹೋಗು” ಎಂದು ದನ ಮೇಯಿಸುವ ಅಜ್ಜನು ಹೇಳಿದರೆ ಅದೂ ಶಬ್ದವೇ; ಆತನಾದರೋ ಅಂದಿನ ಬೆಳಿಗ್ಗೆಯೇ ಅಲ್ಲಿ ನಡೆದವನು. ಮುಂದಿನ ಊರಿನ ಆಚೆಗೆ ಆತನ ವಾಕ್ಯವೂ ನಿಲ್ಲುವುದರಿಂದ, ಹಾಳೆಯನ್ನು ಬಿಸುಡುವಂತಿಲ್ಲ.