ಫಲವಿಲ್ಲದ ಪಂದ್ಯ

2023ರ ಜೂನ್ 27ರ ಮಧ್ಯಾಹ್ನ ನಮ್ಮ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನೇಪಾಳವೂ ಪಾಕಿಸ್ತಾನವೂ ಕಾಲ್ಚೆಂಡಾಡಿದವು. ದಕ್ಷಿಣ ಏಷ್ಯಾದವರ ಸ್ಯಾಫ್ ಪಂದ್ಯಾವಳಿ. ನಾಲ್ಕು ನಾಲ್ಕು ತಂಡಗಳ ಎರಡು ಗುಂಪು. ಒಂದೊಂದರಿಂದ ಎರಡು ತಂಡ ಮುಂದಕ್ಕೆ. ಭಾರತವೂ ಅತಿಥಿಯಾಗಿ ಬಂದ ಕುವೈತೂ ಆಗಲೇ ದಾಟಿದ್ದವು. ಉಳಿದೆರಡೂ ತಲಾ ಎರಡು ಪಂದ್ಯ ಸೋತಿದ್ದವು. ಗೆದ್ದರೂ ಮನೆಗೆ, ಸೋತರೂ ಮನೆಗೆ.

“ಹಾಗಿದ್ದ ಮೇಲೆ ಆಡುವುದೇಕೆ ಸ್ವಾಮೀ? ಕೈಕುಲುಕಿ ಊಟಕ್ಕೆ ಹೋಗಬಾರದೆ?” ಎಂದರು, ಗಾಂಧಿ ಬಜಾರಿನಲ್ಲಿ ಕಾಫಿಗೆ ಜೊತೆಯಾಗುವ ಮಿತ್ರರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಅವರ ಪ್ರಶ್ನೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಗೀತೆಯ ಹೆಸರೆತ್ತಬಹುದಿತ್ತು, ಎತ್ತಲಿಲ್ಲ. ಫಲದ ಆಸೆ ಬಿಡುವುದು ಬೇರೆ, ಫಲವೇ ಇಲ್ಲದಿರುವುದು ಬೇರೆ. ಅರ್ಜುನನ ಮುಂದೆ ರಾಜ್ಯವಾದರೂ ಇತ್ತು.

ನಾನು ಹೇಳಿದ್ದು 1982ರ ಸ್ಪೇನಿನ ವಿಶ್ವಕಪ್ಪಿನ ಕಥೆ. ಹಿಹೋನ್ ಎಂಬ ಊರಿನಲ್ಲಿ ಪಶ್ಚಿಮ ಜರ್ಮನಿಗೂ ಆಸ್ಟ್ರಿಯಕ್ಕೂ ಗುಂಪಿನ ಕಡೆಯ ಪಂದ್ಯ. ಜರ್ಮನಿ ಒಂದೋ ಎರಡೋ ಗೋಲಿನ ಅಂತರದಿಂದ ಗೆದ್ದರೆ ಇಬ್ಬರಿಗೂ ಮುಂದಿನ ಸುತ್ತು. ಜರ್ಮನಿಯನ್ನೇ ಸೋಲಿಸಿದ್ದ ಆಲ್ಜೀರಿಯ ಹೊರಕ್ಕೆ. ಆಲ್ಜೀರಿಯದ ಆಟ ಹಿಂದಿನ ದಿನವೇ ಮುಗಿದಿದ್ದರಿಂದ ಈ ಲೆಕ್ಕ ಎಲ್ಲರಿಗೂ ತಿಳಿದಿತ್ತು. ಹತ್ತನೆಯ ನಿಮಿಷದ ಸುಮಾರಿಗೆ ಜರ್ಮನಿಯ ಗೋಲು ಬಿತ್ತು. ಆಮೇಲಾಮೇಲೆ ಚೆಂಡು ಸಂಜೆಯ ವಾಯುವಿಹಾರಕ್ಕೆ ಹೊರಟಂತೆ ಅತ್ತಿತ್ತ ಸುಳಿಯಿತು. ನಿಯಮವೊಂದೂ ಮುರಿಯಲಿಲ್ಲ, ಶಿಕ್ಷೆಯೂ ಆಗಲಿಲ್ಲ. 1986ರ ವಿಶ್ವಕಪ್ಪಿನಿಂದ ಗುಂಪಿನ ಕಡೆಯ ಪಂದ್ಯಗಳನ್ನು ಏಕಕಾಲಕ್ಕೆ ಆಡಿಸತೊಡಗಿದರು. ಗಡಿಯಾರವನ್ನು ತಿದ್ದಿದರು ಎನ್ನಿ.

“ಅವರದೇನು ತಪ್ಪು? ಬೇಕಾದದ್ದು ಸಿಕ್ಕಿತಲ್ಲ!” ಎಂದರು ಮಿತ್ರರು. ತಪ್ಪಿರುವುದು ಅಲ್ಲೇ ಎಂದು ನನಗೆ ತೋರುತ್ತದೆ. ಆಡಲು ಇಳಿಯುವುದೆಂದರೆ ಎದುರಾಳಿಗೆ ಒಂದು ಮಾತು ಕೊಟ್ಟಂತೆ: ನಿನ್ನನ್ನು ಸುಲಭವಾಗಿ ಗೆಲ್ಲಗೊಡೆನು ಎಂದು. ಗುಂಪಿನ ಪಂದ್ಯದಲ್ಲಿ ಆ ಮಾತಿಗೆ ಅಂಗಳದಲ್ಲಿಲ್ಲದ ಮೂರನೆಯವನೂ ಹಕ್ಕುದಾರ. ಹಿಹೋನಿನಲ್ಲಿ ಫಲ ಕಣ್ಣೆದುರಿಗಿದ್ದುದರಿಂದಲೇ ಮಾತು ತಪ್ಪಿತು. ಕಂಠೀರವದಲ್ಲಿ ಫಲವೂ ಇಲ್ಲ, ಕಾದು ಕುಳಿತ ಮೂರನೆಯವನೂ ಇಲ್ಲ; ಉಳಿದವನು ಎದುರಾಳಿಯೊಬ್ಬನೇ. ನೇಪಾಳ ಒಂದು ಗೋಲಿನಿಂದ ಗೆದ್ದಿತು. ಪಾಕಿಸ್ತಾನದವರು ವೀಸಾ ತಡವಾಗಿ ಮೊದಲ ಪಂದ್ಯದ ದಿನವೇ ಊರು ಮುಟ್ಟಿದವರು, ಎರಡು ಪಂದ್ಯಗಳಲ್ಲಿ ಎಂಟು ಗೋಲು ತಿಂದವರು; ಈ ಸಲ ಒಂದಕ್ಕೇ ತಡೆದರು. ಪಟ್ಟಿಯಲ್ಲಿ ಅದಕ್ಕೆ ಅಂಕವಿಲ್ಲ.

ಇಷ್ಟೆಲ್ಲ ವಾದಿಸಿದ ನಾನು ಆ ಪಂದ್ಯಕ್ಕೆ ಹೋಗಿರಲಿಲ್ಲ. ಹೋದದ್ದು ಅದೇ ಸಂಜೆಯ ಭಾರತ-ಕುವೈತ್ ಆಟಕ್ಕೆ. ಮಿತ್ರರು ಲೋಟ ಕೆಳಗಿಟ್ಟು, “ಹಾಗಾದರೆ ನಿಮಗೂ ಫಲವೇ ಬೇಕಾಗಿತ್ತು ಅನ್ನಿ” ಎಂದರು.

ಅಂದಿನ ಕಾಫಿಯ ಹಣ ನಾನೇ ಕೊಟ್ಟೆ.