ಬಿಳಿ ಮರಳು ಮತ್ತು ಶುದ್ಧಿಯ ಪ್ರಶ್ನೆ

ಮನೆಯ ಅಕ್ವೇರಿಯಂನ ತಳಕ್ಕೆ ಹಾಸಿದ ಬಿಳಿ ಮರಳು ಕೆಲವೇ ವಾರಗಳಲ್ಲಿ ಕಂದುಗಟ್ಟುವುದು ಮೀನು ಸಾಕುವವರಿಗೆಲ್ಲ ಗೊತ್ತಿರುವ ಸಂಗತಿಯಾದರೂ, ಆ ಕಂದು ಯಾರ ಪಾಲಿಗೆ ಕೊಳೆ ಎಂಬ ಪ್ರಶ್ನೆಯನ್ನು ಎತ್ತುವವರು ವಿರಳ. ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1966ರ ‘ಪ್ಯೂರಿಟಿ ಅಂಡ್ ಡೇಂಜರ್’ ಗ್ರಂಥದಲ್ಲಿ, ಕೊಳೆಯೆಂಬುದು ವಸ್ತುವಿನ ಸ್ವಂತ ಗುಣವಲ್ಲ, ತಾನಿರಬಾರದ ಜಾಗದಲ್ಲಿರುವ ವಸ್ತುವೇ ಕೊಳೆ ಎಂಬ ನಿಲುವನ್ನು ವಿಸ್ತರಿಸಿದರು. ಮೀನಿನ ತೊಟ್ಟಿಯ ಮಟ್ಟಿಗೆ ಈ ನಿಲುವು ಅರ್ಧದಷ್ಟೇ ಸಲ್ಲುತ್ತದೆ. ಏಕೆಂದರೆ ಅಲ್ಲಿ ನೋಡುವ ಕಣ್ಣಿನ ಶುದ್ಧಿ ಒಂದಾದರೆ, ಉಸಿರಾಡುವ ಕಿವಿರಿನ ಶುದ್ಧಿ ಇನ್ನೊಂದು.

ಗಾಢಬಣ್ಣದ ಸಣ್ಣ ಕಲ್ಲುಗಳ ತಳದಲ್ಲಿ ಮೀನಿನ ಹಿಕ್ಕೆಯೂ ತಿಂದುಳಿದ ಆಹಾರವೂ ಸಂದುಗಳಿಗೆ ಇಳಿದು ಕಣ್ಮರೆಯಾಗಿ ಅಲ್ಲಿಯೇ ಕೊಳೆಯುತ್ತವೆ. ನಯವಾದ ಮರಳಿನಲ್ಲಿ ಅಂಥ ಸಂದುಗಳಿಲ್ಲದ ಕಾರಣ ಅವು ಮೇಲ್ಮೈಯಲ್ಲೇ ಉಳಿದು, ಸೈಫನ್ ಕೊಳವೆಯ ಬಾಯನ್ನು ಮರಳಿಗೆ ತಾಗಿಸದೆ ಬೆರಳಗಲ ಮೇಲೆ ಹಿಡಿದರೂ ನೀರಿನೊಡನೆ ಎದ್ದು ಹೋಗುತ್ತವೆ. ಹೆಚ್ಚು ಕೊಳಕಾಗಿ ಕಾಣುವ ತಳವೇ ತೊಳೆಯಲು ಹೆಚ್ಚು ಸುಲಭವೆಂದಾಯಿತು. ಹೊಸ ತೊಟ್ಟಿಯಲ್ಲಿ ಕಾಣುವ ಕಂದು ಲೇಪ ಬಹುಮಟ್ಟಿಗೆ ಡಯಾಟಮ್ ಎಂಬ, ಸಿಲಿಕಾದ ಚಿಪ್ಪುಳ್ಳ ಏಕಕೋಶ ಪಾಚಿಯಾಗಿದ್ದು, ನೋಟಕ್ಕೆ ಅಸಹ್ಯವಾದರೂ ಮೀನಿಗೆ ಹಾನಿಕರವಲ್ಲ. ಮೀನನ್ನು ಕೊಲ್ಲುವ ಅಮೋನಿಯಕ್ಕಾದರೋ ಬಣ್ಣವೇ ಇಲ್ಲ. ಅದನ್ನು ಮೊದಲು ನೈಟ್ರೈಟಾಗಿಯೂ ಬಳಿಕ ಅಷ್ಟೊಂದು ವಿಷವಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಗಳು ಮರಳಿನ ಕಣಗಳಿಗೂ ಫಿಲ್ಟರಿನ ಸ್ಪಂಜಿಗೂ ಅಂಟಿಕೊಂಡು ಬದುಕುತ್ತವೆಯಾದ್ದರಿಂದ, ಎರಡನ್ನೂ ಕ್ಲೋರಿನ್ ಬೆರೆತ ನಲ್ಲಿನೀರಿನಲ್ಲಿ ಉಜ್ಜಿ ತೊಳೆದು ಹಾಲಿನಂತೆ ಬೆಳಗಿಸಿದವನು ಮೀನುಗಳನ್ನು ಅಪಾಯಕ್ಕೆ ಒಡ್ಡುತ್ತಾನೆ.

ಈ ಇಕ್ಕಟ್ಟನ್ನು ವಿವೇಚಿಸಲು ಜೈನದರ್ಶನದ ಪರಿಭಾಷೆ ಮಡಿಯ ಪರಿಭಾಷೆಗಿಂತ ಹೆಚ್ಚು ನೆರವಾಗುತ್ತದೆ. ಮಡಿಯ ಕಲ್ಪನೆಯಲ್ಲಿ ಶುದ್ಧಿಯು ಮುಖ್ಯವಾಗಿ ಆಚರಿಸುವವನ ಶುದ್ಧಿ. ಜೈನ ಗೃಹಸ್ಥನು ನೀರನ್ನು ಬಟ್ಟೆಯಲ್ಲಿ ಸೋಸುವುದರಲ್ಲಿ ಕುಡಿಯುವವನ ಆರೋಗ್ಯದ ಎಣಿಕೆ ಇದ್ದರೂ, ನೀರಿನಲ್ಲಿರುವ ಜೀವಗಳ ರಕ್ಷಣೆಯೇ ಅದರ ತಿರುಳು. ಸೋಸಿದ ಬಟ್ಟೆಯನ್ನು ಹಾಗೆಯೇ ಕೊಡವದೆ, ಅದರಲ್ಲಿ ಉಳಿದ ಜೀವಿಗಳನ್ನು ನೀರು ತಂದ ಮೂಲಕ್ಕೇ ಜಾಲಿಸಿ ಬಿಡಬೇಕೆಂಬ ವಿಧಿಯೂ ಅಲ್ಲಿದೆ. ನುರಿತ ಮೀನುಸಾಕಣೆಗಾರರು ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡುವ ಪದ್ಧತಿ ಇದಕ್ಕೆ ಅಚ್ಚರಿಯಷ್ಟು ಹತ್ತಿರವಿದೆ, ಉದ್ದೇಶ ಮಾತ್ರ ಬೇರೆ. (ಹೀಗೆಂದ ಮಾತ್ರಕ್ಕೆ ಪ್ರಾಚೀನರು ಬ್ಯಾಕ್ಟೀರಿಯವನ್ನು ಕಂಡಿದ್ದರೆಂದು ವಾದಿಸುವುದು ಎರಡೂ ಶಾಸ್ತ್ರಗಳಿಗೆ ಮಾಡುವ ಅನ್ಯಾಯ.) ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಹಿಂಸೆಯನ್ನು ಪ್ರಮಾದದೊಡನೆ, ಅಂದರೆ ಎಚ್ಚರಗೇಡಿತನದೊಡನೆ, ಬೆಸೆದು ನಿರೂಪಿಸುತ್ತದೆ; ಗುಡಿಸುವುದು, ಅಡುಗೆ ಮಾಡುವುದು ಮೊದಲಾದ ಮನೆಗೆಲಸದಲ್ಲಿ ತಪ್ಪಿಸಲಾಗದೆ ಆಗುವ ಹಿಂಸೆಯನ್ನು ‘ಆರಂಭೀ’ ಎಂದೂ ಬೇಕೆಂದೇ ಮಾಡುವುದನ್ನು ‘ಸಂಕಲ್ಪೀ’ ಎಂದೂ ಬೇರ್ಪಡಿಸಿ, ಗೃಹಸ್ಥನು ಎರಡನೆಯದನ್ನು ಪೂರ್ತಿಯಾಗಿ ಬಿಡಬೇಕೆಂದು ಜೈನ ಆಚಾರ್ಯಪರಂಪರೆ ವಿಧಿಸುತ್ತದೆ. ಮೀನಿನ ಉಸಿರಿಗಾಗಿ ತಳವನ್ನು ಹದವಾಗಿ ಶುಚಿಗೊಳಿಸುವುದು ಮೊದಲನೆಯ ವರ್ಗಕ್ಕೆ ಸೇರಬಹುದು. ಬಂದವರು ಮೆಚ್ಚಲೆಂದು ಪಾಚಿನಾಶಕ ಸುರಿಯುವುದು ಸೇರಲಾರದು. ಮರಳನ್ನು ಕೆದಕಿಸಲೆಂದು ಬಸವನಹುಳುಗಳನ್ನು ತಂದು ಬಿಟ್ಟು, ಅವು ಹೆಚ್ಚಿದಾಗ ಹಿಡಿದು ಎಸೆಯುವವನ ವರ್ಗವನ್ನು ನಿರ್ಣಯಿಸುವುದೂ ಕಷ್ಟವಲ್ಲ.

ಆದರೆ ಇದೇ ದರ್ಶನವನ್ನು ಕೊನೆಯವರೆಗೆ ಅನುಸರಿಸಿದರೆ ಪ್ರಶ್ನೆ ಮರಳನ್ನು ದಾಟಿ ಗಾಜಿಗೆ ಬರುತ್ತದೆ. ಗೃಹಸ್ಥನ ಅಹಿಂಸಾವ್ರತಕ್ಕೆ ತತ್ತ್ವಾರ್ಥಸೂತ್ರ ಹೇಳುವ ಐದು ಅತಿಚಾರಗಳಲ್ಲಿ, ಅಂದರೆ ವ್ರತಕ್ಕೆ ಕುಂದು ತರುವ ನಡೆಗಳಲ್ಲಿ, ಮೊದಲನೆಯದು ಬಂಧ, ಜೀವಿಗಳನ್ನು ಕಟ್ಟಿಹಾಕುವುದು. ಐದನೆಯದು ಅನ್ನಪಾನನಿರೋಧ, ಅವುಗಳ ಆಹಾರ ನೀರನ್ನು ತಡೆಯುವುದು. ಬಿಳಿ ಮರಳನ್ನು ಬಿಳಿಯಾಗಿಡಲು ಬಲ್ಲವರು ಕೊಡುವ ಮೊದಲ ಸಲಹೆ ಮೀನಿಗೆ ಆಹಾರ ಕಡಿಮೆ ಹಾಕಬೇಕೆಂಬುದು. ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟನ್ನೇ ಹಾಕುವುದು ಮೀನಿನ ಹಿತಕ್ಕೂ ಒಪ್ಪುವುದರಿಂದ ಅದು ನಿರೋಧವಾಗದು. ನೆಲ ಮಾಸೀತೆಂದು ಅದಕ್ಕಿಂತಲೂ ಇಳಿಸಿದ ಹಿಡಿ, ನೋಡುವವರಿಗೆ ಎರಡೂ ಒಂದೇ ಬಗೆಯ ಬಿಳುಪಾಗಿ ಕಂಡರೂ, ಐದನೆಯ ಅತಿಚಾರದೊಳಗೆ ಬೀಳುತ್ತದೆ.