ಭಯವನ್ನು ಬರೆಯುವವನ ಹೊಣೆ

ಶಿರಾದಲ್ಲಿ ಮಗ್ರಿಬ್ ನಮಾಜು ಮುಗಿಯುವ ಹೊತ್ತಿಗೆ ಮಸೀದಿಯ ಬಾಗಿಲಲ್ಲಿ ತಾಯಂದಿರು ಮಕ್ಕಳನ್ನೆತ್ತಿಕೊಂಡು ನಿಂತಿರುತ್ತಾರೆ. ಹೊರಬರುವವರು ದುವಾ ಓದಿ ಮಗುವಿನ ಮೇಲೆ ಊದುತ್ತಾರೆ. ನಿಂತವರಲ್ಲಿ ಬುರ್ಖಾದವರೂ ಇದ್ದಾರೆ, ಕುಂಕುಮವಿಟ್ಟವರೂ ಇದ್ದಾರೆ. ಭಯಕ್ಕೆ ಜಾತಿಯಿಲ್ಲ. ಇಂಥ ಭಯವನ್ನೇ ಬಂಡವಾಳ ಮಾಡಿಕೊಂಡು ಕಥೆ ಬರೆಯುವವನಿಗೆ ಯಾವ ಹೊಣೆಯೂ ಇಲ್ಲವೇ?

ಈ ಪ್ರಶ್ನೆ ಎದ್ದಾಗಲೆಲ್ಲ ನಮಗೆ ಯಂಡಮೂರಿ ವೀರೇಂದ್ರನಾಥ್ ನೆನಪಾಗುತ್ತಾರೆ. 1948ರಲ್ಲಿ ಆಂಧ್ರದ ಗೋದಾವರಿ ಸೀಮೆಯಲ್ಲಿ ಹುಟ್ಟಿದ ಅವರು ಓದಿನಿಂದ ಚಾರ್ಟರ್ಡ್ ಅಕೌಂಟೆಂಟ್. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಅವರ 'ತುಳಸಿದಳ' ಪುಟ್ಟ ಹುಡುಗಿಯೊಬ್ಬಳ ಮೇಲೆ ನಡೆಯುವ ಮಾಟದ ಕಥೆ. ಅದು ಕನ್ನಡಕ್ಕೂ ಬಂತು, 1985ರಲ್ಲಿ ಕನ್ನಡದಲ್ಲೇ ಸಿನಿಮಾ ಆಯಿತು. ಪಾವಗಡದ ಗೆಳೆಯರು ತೆಲುಗಿನಲ್ಲಿ ಓದಿದರೆ, ನಾವು ಬಾಡಿಗೆ ಪುಸ್ತಕದಂಗಡಿಯಿಂದ ತಂದು ಕನ್ನಡದಲ್ಲಿ ಓದಿ, ರಾತ್ರಿ ಹಿತ್ತಲಿಗೆ ಹೋಗಲು ಹೆದರಿದೆವು.

ಆ ಕಾದಂಬರಿಯಲ್ಲಿ ವೈದ್ಯರೂ ಇದ್ದಾರೆ, ಮಂತ್ರವಾದಿಗಳೂ ಇದ್ದಾರೆ. ಯಾವುದನ್ನು ನಂಬಬೇಕೆಂಬುದು ಓದುಗನಿಗೆ ಬಿಟ್ಟದ್ದು. ಲೇಖಕಿ ರಂಗನಾಯಕಮ್ಮ ಇದನ್ನು ಒಪ್ಪಲಿಲ್ಲ. ಅದು ತುಳಸಿಯಲ್ಲ, ಗಾಂಜಾ ಎಂದು ಖಂಡಿಸಿ ಪುಸ್ತಕವನ್ನೇ ಬರೆದರು. ಆದರೆ ಗಲ್ಲು ಶಿಕ್ಷೆಯ ವಿರುದ್ಧ 'ಅಭಿಲಾಷ' ಬರೆದವರೂ ಇದೇ ಯಂಡಮೂರಿ. ಮುಂದೆ ವ್ಯಕ್ತಿತ್ವ ವಿಕಸನದ ಪುಸ್ತಕಗಳಿಂದ ಯುವಕರಿಗೆ ಧೈರ್ಯ ಹೇಳಿದವರೂ ಅವರೇ. ಒಬ್ಬ ಲೇಖಕನನ್ನು ಒಂದು ಪುಸ್ತಕದಿಂದ ಅಳೆಯಲಾಗದು.

ತಪ್ಪು ಹುಡುಕುವ ಮುನ್ನ ನಮ್ಮದನ್ನೂ ಹೇಳಬೇಕು. ಬಹಳ ಹಿಂದೆ ನಾವೂ ಒಂದು ಮಾಟದ ಕಥೆ ಬರೆದಿದ್ದೆವು. ಹುಣಸೆಮರದ ಪಕ್ಕದ ಮನೆ, ಒಂಟಿ ಮುದುಕಿ, ಕಪ್ಪು ಕೋಳಿ. ನಮ್ಮ ಗಲ್ಲಿಯಲ್ಲಿ ಅಂಥ ಮರವೂ ಇತ್ತು, ಬೋರೆಹಣ್ಣು ಮಾರುವ ಅಂಥ ಮುದುಕಿಯೂ ಇದ್ದಳು. ಕಥೆ ಅಚ್ಚಾದ ಮೇಲೆ ಮಕ್ಕಳು ಅವಳ ಬಳಿ ಹಣ್ಣು ಕೊಳ್ಳುವುದು ನಿಂತಿತು. ಒಂದು ರಾತ್ರಿ ಅವಳ ಹೆಂಚಿನ ಮೇಲೆ ಕಲ್ಲು ಬಿತ್ತು. ಓದಲು ಬಾರದ ಅವಳು ನಮ್ಮನ್ನು ತಡೆದು ಕೇಳಿದಳು: "ಬೇಟಾ, ನನ್ನ ಮೇಲೆ ಏನು ಬರ್ದೆ?"

ಹಾಗೆಂದು ಭಯದ ಕಥೆಗಳೇ ಬೇಡವೇ? ನಾನಿಮಾ ಹೇಳುತ್ತಿದ್ದ 'ತಿಲಿಸ್ಮೆ ಹೋಶ್‌ರುಬಾ'ದ ದಾಸ್ತಾನುಗಳಲ್ಲೂ ಜಾದೂಗಾರರಿದ್ದರು. ಕೇಳುತ್ತಾ ಹೆದರಿದೆವು, ನಗುತ್ತಾ ಮಲಗಿದೆವು. ಅಲ್ಲಿನ ಜಾದೂಗಾರ ಅಫ್ರಾಸಿಯಾಬ್ ಇಲ್ಲದ ದೇಶದ ಬಾದಶಹ. ಅವನ ಮನೆಗೆ ಯಾರೂ ಕಲ್ಲು ಹೊಡೆಯಲಾರರು. ನಮ್ಮ ಕಥೆಯ ಮಾಟಗಾತಿಗೆ ಮಾತ್ರ ಗಲ್ಲಿಯಲ್ಲೇ ವಿಳಾಸವಿತ್ತು. ಕಥೆ ಹುಟ್ಟಿಸಿದ ಭಯ ಕೊನೆಗೆ ಯಾರ ಬಾಗಿಲಿಗೆ ಹೋಗುತ್ತದೆ ಎಂಬುದನ್ನು ಬರೆಯುವವನು ನೋಡಬೇಕು. ಅದು ಸಾಮಾನ್ಯವಾಗಿ ಹೋಗುವುದು ಬಡವರ, ಒಂಟಿ ಹೆಂಗಸರ ಬಾಗಿಲಿಗೇ.

ವಾಮಾಚಾರದ ವಿರುದ್ಧ ಕರ್ನಾಟಕ 2017ರಲ್ಲಿ ಕಾನೂನು ಮಾಡಿತು. ಕಾನೂನು ಕಲ್ಲೆಸೆದ ಕೈಯನ್ನು ಹಿಡಿಯಬಹುದು, ಕಥೆ ಬರೆದ ಕೈಯನ್ನು ಹಿಡಿಯದು. ಹಿಡಿಯಲೂಬಾರದು. ಅದನ್ನು ನಾವೇ ಹಿಡಿದುಕೊಳ್ಳಬೇಕು.

ಮುದುಕಿ ಈಗಿಲ್ಲ. ಅವಳ ಪ್ರಶ್ನೆಗೆ ಅಂದು ನಾವು "ಏನಿಲ್ಲ ಖಾಲಾ, ಸುಮ್ನೆ ಒಂದು ಕಥೆ" ಎಂದಿದ್ದೆವು. ಆ ಕಥೆಯನ್ನು ಮುಂದೆ ಯಾವ ಸಂಕಲನಕ್ಕೂ ಸೇರಿಸಲಿಲ್ಲ.